ಅಡಿವೆಪ್ಪ ಹೆಣೆದ ಉಲ್ಲನ್ ಎತ್ತು

ಕುಂದರ್ರಿ, ಅಲ್ಲೇ ಗ್ವಾಡಿಗೆ ಬೆನ್ನ ಹಚ್ಚಿ ಕುಂದರ್ರಿ. ಕತಿ ಹೇಳತೀನಿ. ಆದರ ನಡುವ ಬಾಯಿ ಹಾಕಿ, "ಅಂಥಾವ್ರು ಎಲ್ಲೆರೆ ಇರತಾರೇನು" ಅಂತ ಯಾರೂ ಕೇಳಬಾರದು. ಇದ್ದ. ಮಲಪ್ರಭಾ ಹೊಳಿ ದಂಡಿ ಮ್ಯಾಲಿನ ಒಂದ ಊರಾಗ ಇದ್ದ. ಹೆಸರು ಅಡಿವೆಪ್ಪ.

ಹಡದ ತಾಯಂದಿರು ದೇವರ ಮುಂದ ನಿಂತು ಏನ ಬೇಡತಾರ ಹೇಳ್ರಿ? ಮಾತು ಕೇಳೋ ಮಗನ್ನ ಕೊಡಪಾ ಅಂತ ಬೇಡತಾರ. ಅಡಿವೆಪ್ಪನ ಅವ್ವ ಬಾಳವ್ವನೂ ಅದನ್ನ ಬೇಡಿದ್ಲು. ದೇವರು ಕೊಟ್ಟಬಿಟ್ಟ. ಅಂಥಾ ಮಾತು ಕೇಳೋ ಮಗ ಸುತ್ತ ಹಳ್ಳ್ಯಾಗ ಇನ್ನೊಬ್ಬ ಇರಲಿಲ್ಲ. ಕುಂದರು ಅಂದ್ರ ಕುಂದ್ರತಿದ್ದ. ಏಳು ಅನ್ನೂದನ್ನ ಆಕಿ ಮರತರ, ಉಣ್ಣೂ ಹೊತ್ತಾದರೂ ಅಲ್ಲೇ ಕುಂತಿರತಿದ್ದ. ಮೀಸಿ ದಪ್ಪಾದವು, ಅಂವಾ ಮಾತ್ರ ಹಂಗ ಉಳದ.

ಬಾಳವ್ವ ಗಂಡ ಸತ್ತಾಕಿ. ಕ್ರೋಶಾ ಕಡ್ಡಿ ಹಿಡದು ಬಾಳೇ ಮಾಡಿದಾಕಿ. ಬಾಗಲ ತೋರಣ, ಟಿವಿ ಮ್ಯಾಲೆ ಹೊಚ್ಚೂ ಬಟ್ಟಿ, ಕೂಸಿನ ಕುಂಚಗಿ, ಊರಾಗ ಯಾರ ಮನ್ಯಾಗ ನೋಡಿದರೂ ಆಕಿ ಕೈದವ. ಆಕಿಗೆ ಒಬ್ಬ ಮಗಳೂ ಇದ್ಲು, ಲೀಲಾ. ಅಡಿವೆಪ್ಪನ ಅಕ್ಕ. ಹೊಳಿ ಆಚಿ ಊರಿಗೆ ಕೊಟ್ಟಿದ್ರು. ಲೀಲಾನ ಅತ್ತಿ ನೀಲಗಂಗವ್ವ ಅಂತ. ಆಕಿ ಬಾಯಿ ಜೋರು, ನೆನಪು ಬಾಯಿಗಿಂತ ಜೋರು.

ಹ್ವಾದ ವರ್ಷ ಏನಾತಂದ್ರ, ಮಣ್ಣೆತ್ತಿನ ಅಮಾಸಿ ಬಂತು. ಬಾಳವ್ವ ಕುಂಬಾರನ ಕಡೆ ಚಂದನ್ನ ಜೋಡೆತ್ತು ಮಾಡಿಸಿ ಮಗಳ ಮನಿಗೆ ಕಳಿಸಿದ್ಲು. ಪೂಜಿ ಆತು, ಹೋಳಿಗಿ ಎಡಿ ಆತು. ಎಲ್ಲಾರೂ ಉಣ್ಣಾಕ ಕುಂತಾಗ ಲೀಲಾನ ಕೂಸು ಸೋಮು ಅಂಬೆಗಾಲಿಟಗೋತ ಹೋಗಿ, ಎತ್ತಿನ ಕೋಡ ಮುರದು ಮುರದು ತಿಂದ. ಎರಡೂ ಎತ್ತಿನವು. ಮರುದಿನ ಹೊಟ್ಟಿ ಕೆಟ್ಟತು. ನೀಲಗಂಗವ್ವ ಓಣಿ ತುಂಬ ಹೇಳಿಕೋತ ತಿರಗ್ಯಾಡಿದ್ಲು: "ನಮ್ಮ ಬೀಗರು ಮೊಮ್ಮಗಗ ತಿನ್ನಾಕ ಮಣ್ಣ ಕಳಿಸ್ಯಾರವ್ವಾ." ಅದ ಸಿಟ್ಟಿನ್ಯಾಗ ನಾಗರಪಂಚಮಿಗೆ ಸೊಸಿನ್ನ ತವರಿಗೆ ಕಳಿಸಲಿಲ್ಲ.

ಪಂಚಮಿಗೆ ಮಗಳು ಬರಲಿಲ್ಲ ಅಂದ್ರ ಹೆಂಗ ಆಕ್ಕೈತಿ ಅನ್ನೂದು ಹೆಣ್ಣ ಕೊಟ್ಟಾವರಿಗೆ ಗೊತ್ತು. ಬಾಳವ್ವ ಆ ವರ್ಷ ಉಂಡಿ ಕಟ್ಟಿದ್ಲು ಖರೆ, ಒಂದೂ ಬಾಯಾಗ ಇಡಲಿಲ್ಲ.

ಅದಕ್ಕ ಈ ವರ್ಷ ಆಕಿ ಗಟ್ಟಿ ಮನಸ ಮಾಡಿದ್ಲು. ದೇವರಿಗೆ ಮಣ್ಣಿನ ಎತ್ತು ಇರಲಿ, ಮೊಮ್ಮಗಗ ಉಲ್ಲನ್ನಿನ ಎತ್ತು. ಚೀಪಿದರೂ ಕರಗಂಗಿಲ್ಲ, ಒಗದರೂ ಕೋಡ ಮುರಿಯಂಗಿಲ್ಲ. ಬೀಗತಿ ಬಾಯಿ ಮುಚ್ಚತೈತಿ, ಪಂಚಮಿಗೆ ಮಗಳು ಮನಿಗೆ ಬರತಾಳ. ಆದರ ಆಕಿ ನಸೀಬ ನೋಡ್ರಿ. ಕೀಲು ಹಿಡಿಯೂ ಜ್ವರ ಬಂದು ಬೆರಳೆಲ್ಲಾ ಬಾತಿದ್ದವು. ಕಡ್ಡಿ ಹಿಡಿಯಾಕ ಬರತಿರಲಿಲ್ಲ. ಮನ್ಯಾಗ ಬ್ಯಾರೆ ಕೈ ಯಾರದಿತ್ತು? ಅಡಿವೆಪ್ಪಂದ.

"ಲೇ ಅಡಿವ್ಯಾ, ಇಲ್ಲೆ ಬಾ. ಈ ಕಡ್ಡಿ ತುದ್ಯಾಗ ಕೊಕ್ಕಿ ಐತಿ ನೋಡು. ದಾರ ಸಿಗಿಸು, ಕುಣಿಕ್ಯಾಗಿಂದ ಹೊರಗ ತಗಿ. ಮತ್ತ ಸಿಗಿಸು, ಮತ್ತ ತಗಿ. ಹಿಂಗ ಸರಪಳಿ ಆಕ್ಕೈತಿ."

ಅಡಿವೆಪ್ಪ ಸಿಗಿಸಿದ, ತಗದ. ಸಿಗಿಸಿದ, ತಗದ. ಬಾಳವ್ವ ಗದ್ದಕ್ಕ ಕೈ ಇಟಗೊಂಡು ನೋಡಿದ್ಲು. ಎಂಥಾ ಒಂದ ಸಮನ ಹೆಣಿಕಿ ಅಂತೀರಿ. ಬೆರಳು ಅವ್ವನವ ಬಂದಿದ್ದವು, ತಲಿ ಯಾರದೋ ಏನೋ.

"ಹಾಂ, ಹಂಗ. ನಾ ಹೊಳ್ಳಿ ಬರೂತನಾ ಹಾಕ್ಕೋತ ಇರು, ನಡುವ ನಿಲ್ಲಸಬ್ಯಾಡ," ಅಂತ ಹೇಳಿ ಬಾಳವ್ವ ಮಗ್ಗಲ ಮನಿಗೆ ಉಪ್ಪ ತರಾಕ ಹ್ವಾದ್ಲು. ಉಪ್ಪ ಕೊಡಾಕ ಎಷ್ಟ ಹೊತ್ತು? ಮಾತಿಗೆ ಹತ್ತಿದ್ದು ಹೊತ್ತು. ಆಕಿ ಹೊಳ್ಳಿ ಬಂದು ನೋಡತಾಳ, ಸರಪಳಿ ಬಾಗಲ ಕಂಬಕ್ಕ ಗಂಟ ಹಾಕೈತಿ, ಹೊಸ್ತಿಲ ದಾಟೈತಿ, ಗಟಾರ ದಾಟೈತಿ, ಓಣಿ ಹಿಡದು ಹನಮಪ್ಪನ ಗುಡಿ ಕಡೆ ಹೊಂಟೈತಿ. ಆಕಿನೂ ಅದನ್ನ ಹಿಡಕೊಂಡ ಹ್ವಾದ್ಲು. ನಡುವ ಒಂದ ಆಡು ನಿಂತು ಅದನ್ನ ಮೇಯಾಕ ಹತ್ತಿತ್ತು. ಗುಡಿ ಮುಂದ ಅಡಿವೆಪ್ಪ ಹಿಂದ ಹಿಂದ ನಡಕೋತ ಸಿಗಿಸಿ ತಗಿಯಾಕ ಹತ್ತಿದ್ದ.

"ಏನ ಮಾಡಾಕತ್ತೀಯೋ ಹುಚ್ಚಪ್ಯಾಲಿ?"

"ನೀ ಬರೂತನಾ ಹಾಕು ಅಂದಿದ್ದೆಲ್ಲ ಯವ್ವಾ. ನೀ ಬರಲಿಲ್ಲ, ನಾ ನಿಲ್ಲಸಲಿಲ್ಲ. ಮನ್ಯಾಗ ಜಾಗಾ ಮುಗೀತು."

"ಎತ್ತಿನ ಹೊಟ್ಟಿ ದುಂಡಗ ಇರತೈತೋ ಏನ ಬಸ್ಸಿನ ಹಾದಿ ಹಂಗ ಉದ್ದ ಇರತೈತೋ? ನೆಟ್ಟಗ ಹೋಗಬಾರದೋ. ದುಂಡಗ ತಿರಗಬೇಕು, ತಿರಗಿ ಸುರು ಮಾಡಿದಲ್ಲೇ ಬಂದು ಮುಟ್ಟಬೇಕು. ತಿಳೀತೇನ?"

"ತಿಳೀತವ್ವಾ. ನೆಟ್ಟಗ ಹೋಗಬಾರದು. ದುಂಡಗ ತಿರಗಿ ಸುರು ಮಾಡಿದಲ್ಲೇ ಬಂದು ಮುಟ್ಟಬೇಕು."

ನೋಡ್ರಿ, ಎಷ್ಟ ಚಂದ ಕೇಳತಾನ.

ಸರಪಳಿ ಬಿಚ್ಚಿದರು, ಆಡು ತಿಂದಷ್ಟು ಬಿಟ್ಟರು, ಮತ್ತ ಸುರು ಮಾಡಿದರು. ಈ ಸಲ ಅಡಿವೆಪ್ಪ ದುಂಡಗ ತಿರಗಿಸಿದ. ಹೊಟ್ಟಿ ಆತು, ಬೆನ್ನ ಮ್ಯಾಲಿನ ಇಣಿ ಆತು, ನಾಲ್ಕ ಕಾಲು ಆದವು, ಕೋಡಾದವು. ಒಂದರ ಮಗ್ಗಲಕ ಇನ್ನೊಂದು, ಜೋಡಿ. ಇನ್ನ ಹೊಟ್ಟ್ಯಾಗ ಹತ್ತಿ ತುಂಬೂದೊಂದ ಉಳದಿತ್ತು. ಬಾಳವ್ವ ಮಗನ ಕೈಯಾಗ ಚೀಲ ಕೊಟ್ಟು, "ಗಾದಿ ಅಂಗಡಿ ದಾವಲಸಾಬರ ಕಡೆ ಹೋಗಿ ಬಾ. ಪಿಂಜಿದ ಹತ್ತಿ ಬೇಕಂತ ಅನ್ನು," ಅಂದ್ಲು.

ಅಡಿವೆಪ್ಪ ಹೊಂಟ. ಗಾದಿ ಅಂಗಡಿ ಮನಿ ಎದುರಿಗೆ ನೆಟ್ಟಗ ಕಾಣತಿತ್ತು. ನೆಟ್ಟಗ ಹೋಗಬಾರದು ಅಂದಾಳಲ್ಲ ಅವ್ವ. ಅದಕ್ಕ ಹಿಟ್ಟಿನ ಗಿರಣಿ ಕಡೆಯಿಂದ ಹೊಳ್ಳಿ, ಬಾವಿ ಹಾದು, ಸಾಲಿ ಹಿಂದಿನಿಂದ ಬಂದು, ದಾವಲಸಾಬರ ಅಂಗಡಿ ಮುಂದ ಹಾದ. ದಾವಲಸಾಬರು ಹತ್ತಿ ಪಿಂಜೂದು ಬಿಟ್ಟು ಕರದರು.

"ಏನ ಬೇಕಾಗಿತ್ತೋ ಅಡಿವೆಪ್ಪಾ? ನಿಂದರ ಒಂದೀಟು."

"ನಿಂದ್ರಾಕ ಬರಂಗಿಲ್ಲ ಕಾಕಾ. ಸುರು ಮಾಡಿದಲ್ಲೇ ಮುಟ್ಟಬೇಕಾಗೇತಿ," ಅಂದ, ಹ್ವಾದ, ಮನಿ ಮುಟ್ಟಿದ.

ಬಾಳವ್ವ ಚೀಲದಾಗ ಕೈ ಹಾಕಿದ್ಲು. ಬರೇ ಚೀಲ.

"ಹತ್ತಿ ಎಲ್ಲೋ?"

"ಅಂಗಡ್ಯಾಗ ಐತಿ."

"ಅಂಗಡ್ಯಾಗ ಇದ್ದದ್ದು ನನಗೂ ಗೊತ್ತೈತಿ. ನೀ ಯಾಕ ತರಲಿಲ್ಲ?"

"ಮನ್ಯಾಗಿಂದ ಸುರು ಮಾಡಿದ್ದೆ, ದುಂಡಗ ತಿರಗಿ ಮನಿಗೇ ಬಂದ್ನಿ. ಎಲ್ಲೂ ತಪ್ಪಲಿಲ್ಲ ಯವ್ವಾ."

ಬಾಳವ್ವ ಬಾತ ಕೈಲೆ ಹಣಿ ಬಡಕೊಂಡ್ಲು. ಬಡಕೊಂಡದ್ದಕ್ಕ ಕೈನೂ ನೊಂದವು, ಹಣಿನೂ ನೊಂತು. "ಯಪ್ಪಾ, ನನ್ನ ಜೀವಾ ತಿನಬ್ಯಾಡೋ. ಖಾಲಿ ಚೀಲ ಹೊತಗೊಂಡು ತಿರಗಿದರ ಏನ ಬಂತು? ತುಂಬಬೇಕು. ಕೈಗೆ ಸಿಕ್ಕದ್ದನ್ನ ಬಿಡಬಾರದು, ಒತ್ತಿ ಒತ್ತಿ ತುಂಬಬೇಕು. ಇನ್ನ ಒಂದ ಚೂರೂ ಹಿಡಿಯಂಗಿಲ್ಲ ಅನ್ನೂತನಾ ತುಂಬಿ, ಬಾಯಿ ಹೊಲಿಬೇಕು."

"ಆತವ್ವಾ. ಕೈಗೆ ಸಿಕ್ಕದ್ದನ್ನ ಬಿಡಬಾರದು. ಒತ್ತಿ ತುಂಬಿ ಬಾಯಿ ಹೊಲಿಬೇಕು."

ಹೇಳಿ ಸಾಕಾಗಿ ಬಾಳವ್ವ ತಾನ ಹೋಗಿ ಹತ್ತಿ ತಂದ್ಲು. ತಂದು ಮಗನ ಮುಂದ ಇಟ್ಟು, "ಇದನ್ನ ತುಂಬು, ನಾ ಒಂದೀಟ ಬಿದ್ದಕೋತೀನಿ," ಅಂತ ಹೇಳಿ ಅಡ್ಡಾದ್ಲು. ಕಣ್ಣ ಹತ್ತತು. ಎದ್ದು ನೋಡತಾಳ, ಎರಡೂ ಎತ್ತು ಗ್ವಾಡಿ ಮಗ್ಗಲ ನಿಂತಾವು. ನಿಂತಾವಂದ್ರ ಹೆಂಗ? ಹೊಟ್ಟಿ ನೆಲಕ್ಕ ಹತ್ತೈತಿ, ಕಾಲು ನಾಲ್ಕೂ ದಿಕ್ಕಿಗೆ ಹೋಗ್ಯಾವು.

"ಯಾಕೋ, ಎತ್ತು ಗಬ್ಬಾಗ್ಯಾವೇನೋ?"

"ಒತ್ತಿ ತುಂಬೇನಿ ಯವ್ವಾ."

ಇರಲಿ, ಹುಡುಗ ಕೆಲಸ ಮಾಡ್ಯಾನ ಅಂತ ಬಾಳವ್ವ ಸಮಾಧಾನ ಮಾಡಿಕೊಂಡು ಎಲಿ ಅಡಿಕಿ ಹಾಕೋಬೇಕಂತ ಚಂಚಿ ಚೀಲ ಹುಡುಕಿದ್ಲು. ಚಂಚಿ ಇಲ್ಲ. ಚಂಚಿ ಹುಡಕಾಕ ಕಣ್ಣಿಗೆ ಹಾಕ್ಕೊಳ್ಳೂ ಚಾಳೀಸು ಹುಡುಕಿದ್ಲು. ಚಾಳೀಸೂ ಇಲ್ಲ. ಟ್ರಂಕಿನಾಗ ಇರಬೇಕಂತ ಚಾವಿ ಹುಡುಕಿದ್ಲು. ಚಾವಿನೂ ಇಲ್ಲ. ಆಮ್ಯಾಲೆ ಏನೋ ಹೊಳದಂಗಾಗಿ ಒಂದ ಎತ್ತನ್ನ ಎತ್ತಿ ಅಳ್ಳಾಡಿಸಿದ್ಲು. ಹೊಟ್ಟ್ಯಾಗ ಗಲಗಲ ಅಂತು.

"ಹತ್ತಿ ಮುಗದಿತ್ತು ಯವ್ವಾ, ಹೊಟ್ಟಿ ಇನ್ನೂ ಹಿಡೀತಿತ್ತು," ಅಂದ ಅಡಿವೆಪ್ಪ.

ಹೊಲಿಗಿ ಬಿಚ್ಚಿದರು. ಒಂದ ಎತ್ತಿನಾಗ ಚಾವಿ, ಚಂಚಿ, ಚಾಳೀಸು ಬಂದವು. ಇನ್ನೊಂದ ಎತ್ತಿನಾಗ ಮಗ್ಗಲ ಮನಿಯವರ ಸವಟು, ಅವರ ಮೊಮ್ಮಗನ ಬುಗುರಿ, ಎದುರು ಮನಿ ಮುದುಕನ ನಶ್ಯೆದ ಡಬ್ಬಿ. ಮುದುಕ ಆಗಿಂದ ಡಬ್ಬಿ ಕಳಕೊಂಡು ಸೊಸಿನ್ನ ಬೈಯಾಕ ಹತ್ತಿದ್ದ.

"ಯಾವ ಜನ್ಮದಾಗ ಏನ ಮಾಡಿದ್ದೆನೋ ನಾನು," ಅಂದ್ಲು ಬಾಳವ್ವ. "ಕೇಳ ಇಲ್ಲೆ. ಮಂದೀದು ತಂದು ಹೊಟ್ಟ್ಯಾಗ ಇಟಗೋಬಾರದು. ಹೊರಗ ತಗೀಬೇಕು. ಯಾರದು ಏನೈತಿ, ಅವರದು ಅವರಿಗೆ ಹೊಳ್ಳಿ ಮುಟ್ಟಿಸಬೇಕು. ನೆನಪ ಇಡು."

"ಇಡತೀನವ್ವಾ. ಯಾರದು ಏನೈತಿ, ಅವರದು ಅವರಿಗೆ ಮುಟ್ಟಿಸಬೇಕು."

ಸವಟು, ಬುಗುರಿ, ಡಬ್ಬಿ ಎಲ್ಲಾ ಬಾಳವ್ವ ತಾನ ಕೊಟ್ಟು ಬಂದ್ಲು, ಬೈಗಳನೂ ಆಕಿನ ತಿಂದ್ಲು. ಆಮ್ಯಾಲೆ ತಾನ ಕುಂತು ಹಗೂರಕ ಹತ್ತಿ ತುಂಬಿಸಿದ್ಲು. ಟೇಲರ್ ಮಾರುತೆಪ್ಪನ ಕಡೆ ಕರಿ ಗುಂಡಿ ಇಸಗೊಂಡು ಕಣ್ಣ ಹಚ್ಚಿಸಿದ್ಲು. ಈಗ ನೋಡ್ರಿ, ಎತ್ತಂದ್ರ ಎತ್ತು. ಬೆಳ್ಳಗ, ಮೆತ್ತಗ, ಕೊರಳಾಗ ಕೆಂಪ ದಾರ. ಬಾಳವ್ವ ಅವನ್ನ ಎದಿಗೆ ಹಿಡಕೊಂಡ್ಲು. ನಾಳೆ ಅಮಾಸಿ.

"ಅಡಿವ್ಯಾ, ಇವನ್ನ ಮುಟ್ಟಿಸಿ ಬಾರಪಾ. ಮುಟ್ಟಿದರ ನಿಮ್ಮಕ್ಕ ಪಂಚಮಿಗೆ ಬರತಾಳ. ಇಲ್ಲಂದ್ರ ಈ ವರ್ಷಾನೂ ಇಲ್ಲ."

ಅಡಿವೆಪ್ಪಗ ಅಕ್ಕ ಅಂದ್ರ ಜೀವ. ಸಣ್ಣಾಂವ ಇದ್ದಾಗ ಅಂವನ್ನ ಬೈಲಾರದಾಕಿ ಆಕಿ ಒಬ್ಬಾಕಿನ. ಎತ್ತು ಬಗಲಾಗ ಇಟಗೊಂಡು ಬಸ್ ಸ್ಟ್ಯಾಂಡಿಗೆ ಓಡಿದ. ಓಡೂ ಮುಂದ ಟೇಲರ್ ಮಾರುತೆಪ್ಪನ ಅಂಗಡಿ ಹತ್ತತು. ಅಡಿವೆಪ್ಪ ಗಕ್ಕನ ನಿಂತ.

"ಮಾರುತೆಪ್ಪಣ್ಣಾ, ಈ ಗುಂಡಿ ನಿನ್ನವು ಅಲ್ಲೇನು?"

"ನನ್ನವ. ಯಾಕ?"

"ತಗೋ," ಅಂದು ಎತ್ತಿನ ಕಣ್ಣ ಕಿತ್ತು ಅವನ ಕೈಯಾಗ ಇಟ್ಟ. ಆಮ್ಯಾಲೆ ದಾವಲಸಾಬರ ಅಂಗಡಿಗೆ ಹ್ವಾದ. "ಕಾಕಾ, ಈ ಹತ್ತಿ ನಿಮ್ಮದು," ಅಂದು ಎರಡೂ ಹೊಟ್ಟಿ ಬಿಚ್ಚಿ ರಾಶಿ ಹಾಕಿದ. ಆಮ್ಯಾಲೆ ಉಲ್ಲನ್ ಮಾರೂ ಸಿದ್ಲಿಂಗಪ್ಪನ ಕಡೆ ಹ್ವಾದ. ಕ್ರೋಶಾ ಹೆಣಿಕಿ ಗೊತ್ತಲ್ಲ ನಿಮಗ, ತುದಿಯೊಂದ ಸಿಕ್ಕರ ಸಾಕು. ಅಡಿವೆಪ್ಪ ತುದಿ ಹಿಡದು ಜಗ್ಗಿಕೋತ ಹ್ವಾದ. ಕೋಡು ಹ್ವಾದವು, ಇಣಿ ಹ್ವಾತು, ಕಾಲು ಹ್ವಾದವು. ಸಿದ್ಲಿಂಗಪ್ಪ ಬಾಯಿ ತಕ್ಕೊಂಡು ಉಲ್ಲನ್ ಉಂಡಿ ಸುತ್ತಿಕೋತ ಕುಂತ.

ಬಸ್ಸು ಇನ್ನೂ ಬಂದಿರಲಿಲ್ಲ, ಅಡಿವೆಪ್ಪ ಮನಿಗೆ ಬಂದ.

"ಮುಟ್ಟಿಸಿ ಬಂದ್ನಿ ಯವ್ವಾ."

"ಇಷ್ಟ ಲಗೂ? ಬೀಗತಿ ಏನಂದ್ಲೋ?"

"ಬೀಗತೀದು ಅದರಾಗ ಏನೂ ಇರಲಿಲ್ಲ ಯವ್ವಾ. ಕಣ್ಣು ಮಾರುತೆಪ್ಪಂದ, ಹತ್ತಿ ದಾವಲಸಾಬರದ, ಉಲ್ಲನ್ ಸಿದ್ಲಿಂಗಪ್ಪಂದ. ಎಲ್ಲಾ ಅವರವರಿಗೆ ಮುಟ್ಟಿಸೇನಿ."

ಬಾಳವ್ವ ಬೈಲಿಲ್ಲ ಮೊದಲ. ಕುಂತಲ್ಲೇ ಅತ್ತಬಿಟ್ಲು. ಅವ್ವ ಅಳೂದು ನೋಡಿ ಅಡಿವೆಪ್ಪನೂ ಅತ್ತ, ಯಾಕಂತ ಗೊತ್ತಿಲ್ಲದ. ಅತ್ತ ಮುಗಿಸಿ ಬಾಳವ್ವ ಬೈದ್ಲು.

"ಎತ್ತು ಒಯ್ದಾಂವ ಬರೇ ಕೈ ಬೀಸಿಕೋತ ಬಂದೇನೋ ಖೋಡಿ. ನಿನ್ನ ಒಂದ ಕಡೆ ಕಳಿಸಿದರ ಒಂದಿನಾ ಏನರೆ ಹಿಡಕೊಂಡ ಬಂದೀಯೇನು? ಹತ್ತಿ ತಾ ಅಂದ್ರ ಬರಿಗೈ, ಎತ್ತು ಮುಟ್ಟಿಸು ಅಂದ್ರ ಬರಿಗೈ. ಇನ್ನಮ್ಯಾಲೆ ಎಲ್ಲಿಗೆ ಹ್ವಾದರೂ ಬರಿಗೈಲೆ ಈ ಹೊಸ್ತಿಲ ದಾಟಬ್ಯಾಡ."

"ಆತವ್ವಾ. ಬರಿಗೈಲೆ ಹೊಸ್ತಿಲ ದಾಟಂಗಿಲ್ಲ."

ಬಾಳವ್ವ ಸೆರಗ ಕಟ್ಟಿಕೊಂಡು ಮೂರೂ ಅಂಗಡಿ ತಿರಗಿದ್ಲು. ಮಾರುತೆಪ್ಪ ನಕ್ಕ, ಸಿದ್ಲಿಂಗಪ್ಪ ನಕ್ಕ. ದಾವಲಸಾಬರು ನಗಲಿಲ್ಲ, ಒಂದ ಹಿಡಿ ಹತ್ತಿ ಹೆಚ್ಚಗಿ ಕೊಟ್ಟರು. ಅಡಿವೆಪ್ಪ ಮತ್ತ ಕಡ್ಡಿ ಹಿಡದ. ಕೈ ಪಳಗಿತ್ತು, ಸಂಜಿಗೆ ಜೋಡೆತ್ತು ತಯಾರಾದವು. ಮರುದಿನ ಅಮಾಸಿ ಬೆಳಗ್ಗೆ ಬಾಳವ್ವ ಮಗನ್ನ ತಾನ ಬಸ್ ಹತ್ತಿಸಿ, ಬಸ್ಸು ತಿರುವು ದಾಟೂತನಾ ಅಲ್ಲೇ ನಿಂತ್ಲು.

ಅಡಿವೆಪ್ಪ ಮುಟ್ಟಿದ. ಹಾದ್ಯಾಗ ಏನೂ ಆಗಲಿಲ್ಲ, ಅದ ಒಂದ ದೊಡ್ಡ ಮಾತು. ನೀಲಗಂಗವ್ವ ಎತ್ತನ್ನ ಇಸಗೊಂಡು ತಿರಗಿಸಿ ಮುರಗಿಸಿ ನೋಡಿದ್ಲು. ಕೋಡು ಜಗ್ಗಿದ್ಲು, ಬರಲಿಲ್ಲ. ಮೂಸಿ ನೋಡಿದ್ಲು. ಆಮ್ಯಾಲೆ ಯಾರೂ ನೋಡವಲ್ಲರು ಅಂತ ತಿಳಕೊಂಡು ಕೋಡನ್ನ ತಾನ ಒಂದೀಟು ಕಡದೂ ನೋಡಿದ್ಲು.

"ಮಣ್ಣೇನಿಲ್ಲ," ಅಂದ್ಲು.

ಸೋಮು ಎರಡೂ ಎತ್ತನ್ನ ಕಸಗೊಂಡು ಎದಿಗೆ ಅವಚಿಕೊಂಡ. ಪೂಜಿ ಆಗೂತನಾ ಬಿಡಲಿಲ್ಲ, ಉಣ್ಣೂತನಾ ಬಿಡಲಿಲ್ಲ, ಹಂಗ ಅವಚಿಕೊಂಡ ಮಕ್ಕೊಂಡ. ಲೀಲಾ ತಮ್ಮಗ ಹೋಳಿಗಿ ಮ್ಯಾಲೆ ತುಪ್ಪ ಹಾಕಿದ್ಲು. "ಇವನ್ನ ನೀನ ಮಾಡಿದೇನೋ ಅಡಿವೆಪ್ಪಾ? ಖರೆನ ನೀನ?" ಅಂತ ಕೇಳೂ ಮುಂದ ಆಕಿ ಕಣ್ಣಾಗ ನೀರ ಬಂದಿದ್ದವು. ನೀಲಗಂಗವ್ವನೂ ಮೆತ್ತಗಾಗಿದ್ಲು. "ಪಂಚಮಿಗೆ ಬಂದು ನಿಮ್ಮಕ್ಕನ್ನ ಕರಕೊಂಡ ಹೋಗಪಾ," ಅಂದ್ಲು.

ಗೆದ್ದರಲ್ಲಾ. ಇಲ್ಲಿಗೆ ಕತಿ ನಿಂದ್ರಸಿದ್ದರ ಎಷ್ಟ ಚಂದ ಇರತಿತ್ತು. ಅಡಿವೆಪ್ಪ ನಿಂದ್ರಸಬೇಕಲ್ಲ.

ಹೊರಡೂ ಮುಂದ ಚಪ್ಪಲಿ ಮೆಟ್ಟಿ ತನ್ನ ಕೈ ನೋಡಿಕೊಂಡ. ಖಾಲಿ. ಬರಿಗೈಲೆ ಹೊಸ್ತಿಲ ದಾಟಬ್ಯಾಡ ಅಂದಾಳ ಅವ್ವ. ಲೀಲಾ ಒಳಗ ಭಾಂಡೆ ತಿಕ್ಕಾಕ ಹತ್ತಿದ್ಲು, ನೀಲಗಂಗವ್ವ ಜಗಲಿ ಮ್ಯಾಲೆ ತೂಕಡಿಸಾಕ ಹತ್ತಿದ್ಲು. ಅಡಿವೆಪ್ಪ ಸುತ್ತ ನೋಡಿದ. ತೊಟ್ಟಿಲದಾಗ ಎತ್ತು ಕಂಡವು. ಕೂಸಿಗೆ ಎಚ್ಚರಾಗದಂಗ ಮೆಲ್ಲಕ, ಒಂದೊಂದ ಬೆರಳು ಬಿಡಿಸಿ, ಎರಡೂ ಎತ್ತು ತಗೊಂಡು ಬಸ್ ಹತ್ತಿದ.

"ಯವ್ವಾ, ಈ ಸಲ ಬರಿಗೈಲೆ ಬಂದಿಲ್ಲ," ಅಂದು ಹೊಸ್ತಿಲದಾಗ ಜೋಡೆತ್ತು ಮುಂದ ಹಿಡದ.

ಬಾಳವ್ವ ಎತ್ತನ್ನ ಕಸಗೊಂಡ್ಲು. "ಮಕ್ಕೊಂಡ ಕೂಸಿನ ಕೈಯಾಗಿಂದ ತಂದೆಯೇನೋ? ಹಬ್ಬದ ದಿನಾ ತಂದೆಯೇನೋ? ನನ್ನ ಮಗಳ ಬಾಳೇಕ್ಕ ಬೆಂಕಿ ಹಚ್ಚಿ ಬಂದೆಲ್ಲೋ. ಕಿವಿ ಬಿಚ್ಚಿ ಕೇಳು. ನಮ್ಮ ಮನ್ಯಾಗಿಂದ ಆ ಮನಿಗೆ ಒಮ್ಮೆ ಹ್ವಾದದ್ದು ಆ ಮನೀದ. ಸತ್ತರೂ ಹೊಳ್ಳಿ ತರಬಾರದು. ಅವರ ಕೈಯಾಗ ಕೊಟ್ಟು, ಕೈಮುಗದು ಬರಬೇಕು."

"ಆತವ್ವಾ. ಆ ಮನಿಗೆ ಹ್ವಾದದ್ದು ಆ ಮನೀದ. ಸತ್ತರೂ ಹೊಳ್ಳಿ ತರಂಗಿಲ್ಲ. ಕೈಯಾಗ ಕೊಟ್ಟು ಕೈಮುಗದು ಬರತೀನಿ."

ಮರುದಿನ ಬೆಳಗಿನ ಬಸ್ಸಿಗೆ ಬಾಳವ್ವ ತಾನ ಎತ್ತು ಹಿಡಕೊಂಡು ಓಡಿದ್ಲು. ಅಲ್ಲಿ ಸೋಮು ಅತ್ತು ಅತ್ತು ಮನಿಯವರ ಯಾರ ಕಣ್ಣಿಗೂ ನಿದ್ದಿ ಕೊಟ್ಟಿರಲಿಲ್ಲ. ಎತ್ತು ಕೈಗೆ ಬಂದ ಕೂಡಲೆ ಸುಮ್ಮನಾದ. ನೀಲಗಂಗವ್ವಗ ಬೈಯಾಕೂ ತ್ರಾಣ ಇರಲಿಲ್ಲ. "ಇಟ್ಟ ಹೋಗವ್ವಾ ಬೀಗತಿ," ಅಂದ್ಲು. ಬಾಳವ್ವ ಕಾಲ ಹಿಡಕೊಳ್ಳಾಕ ಹ್ವಾದ್ಲು. "ಕಾಲ ಬಿಡ. ಮಾತ ಕೊಟ್ಟೇನಿ, ಕಳಿಸತೀನಿ. ಆದರ ಕರಿಯಾಕ ತಮ್ಮನ ಬರಬೇಕು. ಅವ್ವ ಬಂದು ಮಗಳನ್ನ ಎಳಕೊಂಡ ಹ್ವಾದ್ಲು ಅಂತ ನಮ್ಮ ಓಣ್ಯಾಗ ಮಾತ ಬರಬಾರದು."

ಪಂಚಮಿ ಬಂತು. ಬಾಳವ್ವ ಬೆರಳಿನ ಬ್ಯಾನಿ ಮರತು ಶೇಂಗಾ ಉಂಡಿ ಕಟ್ಟಿದ್ಲು, ಎಳ್ಳುಂಡಿ ಕಟ್ಟಿದ್ಲು, ಬೇಸನ್ ಉಂಡಿ ಕಟ್ಟಿದ್ಲು. ಮನಿ ಮುಂದಿನ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸಿದ್ಲು. ಲೀಲಾ ಲಗ್ನಕ್ಕಿಂತ ಮೊದಲ ಜೋಕಾಲಿ ಹತ್ತಿದರ ಇಳಿತಿರಲಿಲ್ಲ.

ಇನ್ನ ಮಗನ್ನ ಕಳಿಸಬೇಕು. ಬಾಳವ್ವ ಕುಂತು ವಿಚಾರ ಮಾಡಿದ್ಲು. ಇಷ್ಟ ದಿನಾ ಕೆಟ್ಟದ್ದೆಲ್ಲಾ ಹೇಳಿದ್ದಕ್ಕ ಕೆಟ್ಟೈತಿ. ಸರಪಳಿ ಹಾಕು ಅಂದ್ಲು, ಕೆಟ್ಟತು. ದುಂಡಗ ತಿರಗು ಅಂದ್ಲು, ಕೆಟ್ಟತು. ತುಂಬು ಅಂದ್ಲು, ಮುಟ್ಟಿಸು ಅಂದ್ಲು, ಬರಿಗೈಲೆ ಬರಬ್ಯಾಡ ಅಂದ್ಲು, ಎಲ್ಲಾ ಕೆಟ್ಟತು. ಈ ಸಲ ಏನೂ ಹೇಳಬಾರದು. ಬುದ್ಧಿ ಹೇಳಲಾರದ ಕಳಿಸಿದರ ಬುದ್ಧಿ ತಪ್ಪೂದರೆ ಹೆಂಗ? ಹಂಗಂತ ಬಾಯಿ ಬಿಗಿ ಹಿಡಕೊಂಡು, "ಅಕ್ಕನ ಮನಿಗೆ ಹೋಗಿ ಬಾರಪಾ," ಅಂದ್ಲು. ಅಷ್ಟ ಅಂದ್ಲು.

ಅಡಿವೆಪ್ಪ ಹೊಸ ಅಂಗಿ ಹಾಕ್ಕೊಂಡು ಹ್ವಾದ.

ಬಾಳವ್ವ ಬೆಳಗಿಂದ ಹೊಸ್ತಿಲ ಬಿಡಲಿಲ್ಲ. ಮಧ್ಯಾನ ಉಣ್ಣಲಿಲ್ಲ, ಮಗಳು ಬಂದಮ್ಯಾಲೆ ಉಂಡರಾತು ಅಂದ್ಲು. ಸಂಜಿ ಬಸ್ಸಿನ ಹಾರ್ನ್ ಕೇಳಿದ್ದಕ್ಕ ಎದ್ದ ನಿಂತ್ಲು. ಓಣಿ ತಿರುವಿನ್ಯಾಗ ಅಡಿವೆಪ್ಪ ಕಂಡ. ಹಿಂದ ಯಾರೂ ಇರಲಿಲ್ಲ. ಅಂವಾ ಬಾಳ ಖುಷ್ಯಾಗ ಬರಾಕ ಹತ್ತಿದ್ದ.

"ಅಕ್ಕ ಎಲ್ಲೋ?"

"ಅವರ ಮನ್ಯಾಗ ಅದಾಳ ಯವ್ವಾ."

"ಕಳಿಸಲಿಲ್ಲೇನು ಆಕಿ ಅತ್ತಿ? ಮಾತ ಕೊಟ್ಟಿದ್ಲಲ್ಲೋ."

"ಕಳಿಸಾಕ ತಯಾರಿದ್ಲು. ಅಕ್ಕ ಹೊಸಾ ಸೀರಿ ಉಟಗೊಂಡು, ಗಂಟ ಕಟಗೊಂಡು, ಸೋಮೂನ್ನ ಬಗಲಾಗ ಎತಗೊಂಡು ಹೊಸ್ತಿಲದಾಗ ನಿಂತಿದ್ಲು. ಅತ್ತಿ ಅಕ್ಕನ ಕೈ ಹಿಡದು ನನ್ನ ಕೈಯಾಗ ಕೊಡಾಕ ಬಂದ್ಲು. ನಾ ತಗೊಂಡೇನ? ನೀ ಹೇಳಿದ್ದು ಮರತಿದ್ದಿಲ್ಲ ನಾನು. ನಮ್ಮ ಮನ್ಯಾಗಿಂದ ನಿಮ್ಮ ಮನಿಗೆ ಒಮ್ಮೆ ಬಂದದ್ದು ನಿಮ್ಮ ಮನೀದ ಅತ್ತಿ, ಸತ್ತರೂ ನಾವು ಹೊಳ್ಳಿ ಒಯ್ಯಂಗಿಲ್ಲ ಅಂದ್ನಿ. ಅಕ್ಕನ ಕೈ ಅತ್ತಿ ಕೈಯಾಗ ಕೊಟ್ಟು, ಕೈಮುಗದು ಬಂದ್ನಿ."

ಬಾಳವ್ವ ಬಾಗಲ ಕಂಬಾ ಹಿಡಕೊಂಡ್ಲು.

"ಅಕ್ಕ ಏನಂದ್ಲೋ?"

"ಅವ್ವ ಹಂಗ ಅಂದಾಳೇನು ಅಂತ ಒಂದ ಸಲ ಕೇಳಿದ್ಲು. ಹೂಂ, ಅವ್ವನ ಅಂದಾಳ ಅಂದ್ನಿ. ಗಂಟ ಬಿಚ್ಚಾಕ ಒಳಗ ಹ್ವಾದ್ಲು. ಅಳತಿದ್ಲು ಯವ್ವಾ. ಕರಕೊಂಡ ಬರಬೇಕಂತ ನನಗೂ ಬಾಳ ಆಸೆ ಇತ್ತು, ನಾನೂ ಬಸ್ಸಿನಾಗ ಅತ್ನಿ. ಆದರ ನಿನ್ನ ಮಾತ ಮೀರಲಿಲ್ಲ. ಅತ್ತಿ ಮಾತ್ರ ನನ್ನ ಬೆನ್ನ ಚಪ್ಪರಿಸಿ ಓಣ್ಯಾವರನ್ನೆಲ್ಲಾ ಕರದು ಹೇಳಿದ್ಲು, ನೋಡ್ರೆವ್ವಾ, ಆ ಮನ್ಯಾಗ ಇವನೊಬ್ಬ ಶಾಣ್ಯಾ ಅದಾನಂತ. ನನ್ನ ಶಾಣ್ಯಾ ಅಂದ್ರು ಯವ್ವಾ. ಇಲ್ಲೀತನಾ ಯಾರೂ ಅಂದಿರಲಿಲ್ಲ."

ಬಾಳವ್ವ ಬೈಯಾಕ ಬಾಯಿ ತಗದ್ಲು. ಏನಂತ ಬೈಬೇಕು? ಅಂವಾ ಆಡಿದ್ದೆಲ್ಲಾ ಆಕಿ ಮಾತ. ಹೋಗಿ ಕರಕೊಂಡ ಬಾ ಅನ್ನಬೇಕಂದ್ರ ಅದನ್ನ ಹಿಡಕೊಂಡು ಮುಂದ ಯಾರನ್ನ ಎಲ್ಲಿಂದ ಕರಕೊಂಡ ಬರತಾನೋ ಅಂತ ಅಂಜಿಕಿ. ತಗದ ಬಾಯಿ ಹಂಗ ಮುಚ್ಚಿಕೊಂಡು ಒಳಗ ಹೋಗಿ, ಉಂಡಿ ಡಬ್ಬಿ ಮುಂದ ಗ್ವಾಡಿ ಕಡೆ ಮುಖಾ ಮಾಡಿ ಕುಂತ್ಲು.

ಅಡಿವೆಪ್ಪ ಬೈಗಳಿಗೆ ಕಾದ. ಬರಲಿಲ್ಲ. ಮುಂದಿನ ಸಲ ಏನ ಮಾಡಬೇಕು ಅಂತ ಹೇಳತಾಳ ಅಂತ ಕಾದ. ಅದೂ ಬರಲಿಲ್ಲ. ಬೈಲಿಲ್ಲಂದ್ರ ಈ ಸಲ ಎಲ್ಲಾ ಸರಿ ಮಾಡೇನಿ ಅಂತ ತಿಳಕೊಂಡ. ಕಿಸೆ ತುಂಬ ಶೇಂಗಾ ಉಂಡಿ ಹಾಕ್ಕೊಂಡು, ಹೊರಗ ಹೋಗಿ, ಅಕ್ಕಗಂತ ಕಟ್ಟಿದ್ದ ಜೋಕಾಲಿ ಹತ್ತಿ ತೂಗಾಕ ಹತ್ತಿದ.

ಕತಿ ಇಷ್ಟರೆವ್ವಾ. ಏಳ್ರಿ ಇನ್ನ, ಒಲಿ ಹಚ್ಚೂ ಹೊತ್ತಾತು.